ಕಪ್ಪಿನಲ್ಲಿ ಕಲೆ ಇದೆ

ನಮ್ಮ ಸೋದರತ್ತೆಯ ಮನೆಗೆ ಬಂದವರಲ್ಲಿ ಚಹಾ ಬೇಡವೆನ್ನದೆ ಹೋದವರು ಕಡಿಮೆ. ಅತ್ತೆ ಜಿಪುಣಿಯೇನಲ್ಲ, ನೆಂಟರು ಚಪ್ಪಲಿ ಬಿಡುವ ಮೊದಲೇ ಒಲೆಯ ಮೇಲೆ ನೀರಿಡುತ್ತಿದ್ದಳು. ಆದರೆ ಕಪ್ ಕಣ್ಣಿಗೆ ಬಿದ್ದ ಕೂಡಲೇ ಎಲ್ಲರಿಗೂ ಇದ್ದಕ್ಕಿದ್ದಂತೆ ತಮ್ಮ ಅಸಿಡಿಟಿ ನೆನಪಾಗುತ್ತಿತ್ತು. ಒಳಗೆಲ್ಲ ಕಂದು ಗೆರೆ, ಅಂಚಿನಲ್ಲಿ ಹಳದಿ, ಹಿಡಿಯ ಸಂದಿಯಲ್ಲಿ ನಾಲ್ಕು ತಲೆಮಾರಿನ ಜಿಡ್ಡು. "ಏನೂ ಆಗಲ್ಲ, ಕುಡೀರಿ. ಮೊನ್ನೆ ತಾನೆ ಮಾಡಿದ್ದು," ಎಂದು ಅತ್ತೆ ಸಮಾಧಾನ ಹೇಳುತ್ತಿದ್ದಳು. ಚಹಾವೇ ಮೊನ್ನೆಯದು ಎಂದುಕೊಂಡು ನೆಂಟರು ಇನ್ನಷ್ಟು ಹೌಹಾರುತ್ತಿದ್ದರು.

ಮೊನ್ನೆ ಮಾಡಿದ್ದು ಕೊಳೆಯನ್ನು. ಅದೇ ಅವಳ ಕಸುಬು. ನಾಟಕ ಕಂಪನಿಯೊಂದರ ಸಾಮಾನು ಕೋಣೆಯಲ್ಲಿ ಮೂವತ್ತು ವರ್ಷ ಕೂತು, ಅಂಗಡಿಯಿಂದ ಬಂದ ಹೊಸ ವಸ್ತುಗಳನ್ನೆಲ್ಲ ಹಳತು ಮಾಡಿದವಳು ಅವಳು. ಕಾಗದ, ಕಂಬಳಿ, ಪೆಟ್ಟಿಗೆ ಎಲ್ಲವೂ ಕೈಗೆ ಬರುತ್ತಿದ್ದವು, ಆದರೆ ಕಪ್ ಎಂದರೆ ಜೀವ. ದಾಳಿಂಬೆ ಸಿಪ್ಪೆ, ಚಹಾಪುಡಿ, ತುಕ್ಕು ಹಿಡಿದ ಮೊಳೆ ಹಾಕಿ ಕುದಿಸಿದ ಕಷಾಯದ ಚೊಗರು ವಾಸನೆ ಅವಳ ಸೀರೆಗೂ ಮೆತ್ತಿಕೊಂಡಿರುತ್ತಿತ್ತು. ನಾಲಿಗೆಯ ರುಚಿಯೂ ಅದೇ ಆದ್ದರಿಂದ ಕಂಪನಿಯವರು ಚೊಗರತ್ತೆ ಎಂದು ಕರೆದರು. ಅಲ್ಲೇ ಪರದೆ ಎಳೆಯುವ ಕೆಲಸಕ್ಕಿದ್ದ ನಾನೂ ಹಾಗೇ ಕರೆದೆ.

ಅವಳಿಗೆ ಬೇಕಾಗಿದ್ದದ್ದು ಒಂದೇ. ರಂಗಮಂದಿರದ ಬಾಗಿಲಲ್ಲಿ 'ನಮ್ಮ ಕಲಾವಿದರು' ಎಂಬ ಮರದ ಹಲಗೆಯಿತ್ತು. ಅದರಲ್ಲಿ ನಟರಿದ್ದರು, ಹಾಡುವವರಿದ್ದರು, ಒಂದೇ ಒಂದು ನಾಟಕದಲ್ಲಿ ಹೆಣವಾಗಿ ಮಲಗಿ, ಅದರಲ್ಲೂ ಸೀನಿಬಿಟ್ಟಿದ್ದ, ಮ್ಯಾನೇಜರರ ಭಾವಮೈದುನನೂ ಇದ್ದ. ಅತ್ತೆ ಮಾತ್ರ ಇರಲಿಲ್ಲ. ಹೆಣಕ್ಕೆ ಸಿಕ್ಕ ಮರ್ಯಾದೆ ಅವಳಿಗೆ ಸಿಗಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಒಂದು ದಿನ ತಡೆಯದೆ ಕೇಳಿಯೇ ಬಿಟ್ಟಳು. "ಸಾರ್, ನನ್ನ ಹೆಸರೂ ಒಂದು ಬರೆಸಿ."

"ಅದು ಕಲಾವಿದರ ಬೋರ್ಡಮ್ಮ. ನೀವು ಮಾಡೋದು ಕಲೆ ಅಲ್ಲ," ಎಂದರು ಮ್ಯಾನೇಜರ್.

"ಕಲೆ ಅಲ್ದೆ ಇನ್ನೇನ್ ಸಾರ್? ಮೂವತ್ತು ವರ್ಷದಿಂದ ನಾನು ಬೇರೇನೂ ಮಾಡೇ ಇಲ್ವಲ್ಲ!"

ಪಕ್ಕದಲ್ಲಿದ್ದ ನಿರ್ದೇಶಕರು ನಕ್ಕುಬಿಟ್ಟರು. ಮ್ಯಾನೇಜರರ ಮುಖ ಗಂಟಾಯಿತು.

ಆಗ ಕಂಪನಿ ಹೊಸ ನಾಟಕಕ್ಕೆ ಸಜ್ಜಾಗುತ್ತಿತ್ತು. ಮನೆಬಿಟ್ಟು ಹೋದ ಗಂಡನೊಬ್ಬ ಎಷ್ಟೋ ವರ್ಷದ ಮೇಲೆ ಬಂದು, ತಾನು ದಿನಾ ಚಹಾ ಕುಡಿಯುತ್ತಿದ್ದ ಕಪ್ಪನ್ನು ಗುರುತು ಹಿಡಿದು ಅಳಬೇಕು. ಮ್ಯಾನೇಜರ್ ಹಳೇ ಸಾಮಾನಿನ ಅಂಗಡಿಗೆ ಹೋಗಿ ನೂರು ವರ್ಷದ ಅಸಲಿ ಕಪ್ಪೊಂದನ್ನು ತಂದು, "ಅಸಲಿ ಸಿಗೋವಾಗ ಈ ಸಿಪ್ಪೆ ಕಷಾಯ ಎಲ್ಲ ಯಾಕೆ?" ಎಂದರು. ನಿರ್ದೇಶಕರು ಒಂದು ದಾರಿ ಹುಡುಕಿದರು. ಅತ್ತೆಯೂ ಒಂದು ಕಪ್ ಮಾಡಲಿ, ಎರಡನ್ನೂ ಮೇಜಿನ ಮೇಲಿಡೋಣ, ನಟ ಯಾವುದನ್ನು ಹಳೆಯದೆಂದು ಎತ್ತಿಕೊಳ್ಳುತ್ತಾನೋ ನೋಡೋಣ. ಅತ್ತೆಯದಾದರೆ ಹಲಗೆಯಲ್ಲಿ ಹೆಸರು, ಅಲ್ಲದಿದ್ದರೆ ಮತ್ತೆಂದೂ ಆ ಮಾತೆತ್ತುವಂತಿಲ್ಲ. ಅತ್ತೆ ಒಪ್ಪಿದಳು.

ಆಮೇಲೆ ನಿರ್ದೇಶಕರ ತಲೆ ತಿನ್ನತೊಡಗಿದಳು.

"ಆ ಗಂಡ ಎಡಚನಾ?"

"ನಾಟಕದಲ್ಲಿ ಅದೆಲ್ಲ ಬರೆದಿಲ್ಲಮ್ಮ."

"ತುಟಿ ಇಡೋ ಜಾಗ ಬೇರೆ ಆಗತ್ತಲ್ಲ, ಅದಕ್ಕೆ ಕೇಳಿದೆ. ಹೋಗ್ಲಿ, ಮೀಸೆ ಇದ್ಯಾ? ಚಹಾ ಪೂರ್ತಿ ಕುಡೀತಾನಾ, ತಳದಲ್ಲಿ ಬಿಡ್ತಾನಾ?"

"ಬಿಡ್ತಾನೆ ಅಂದ್ಕೊಳ್ಳಿ."

"ಗೊತ್ತಿತ್ತು. ಹೆಂಡ್ತೀನೇ ಬಿಟ್ಟು ಹೋದೋನು, ಚಹಾ ಬಿಡಲ್ವಾ?"

ಬಿಳಿ ಪಿಂಗಾಣಿ ಕಪ್ಪುಗಳನ್ನು ಒಂದೊಂದಾಗಿ ಬಿಸಿ ಮರಳಿನಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದಳು. ನಾಲ್ಕು ಒಡೆದವು. ಐದನೆಯದರ ಹೊಳಪಿನ ತುಂಬ ಕೂದಲೆಳೆಯಂಥ ಬಿರುಕು ಬಿಟ್ಟಿತು, ಅವಳಿಗೆ ಬೇಕಾಗಿದ್ದದ್ದೂ ಅದೇ. ಒಂಬತ್ತು ದಿನ ಅದನ್ನು ಕಷಾಯದಲ್ಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿದಳು. ಕೊನೆಗೆ ಆ ಕಪ್ಪನ್ನು ನೋಡಿದರೆ, ಯಾರಪ್ಪಾ ಪಾಪ ಇದರಲ್ಲಿ ಕುಡಿಯುತ್ತಿದ್ದವನು ಎಂದು ಕೇಳಬೇಕೆನಿಸುತ್ತಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ನಿರ್ದೇಶಕರು ಎರಡೂ ಕಪ್ಪುಗಳನ್ನು ಬಣ್ಣ ಹಚ್ಚುವ ಕೋಣೆಯ ಮೇಜಿನ ಮೇಲಿಟ್ಟು, ಭಾವುಕರಾಗಿ ಒಂದು ಚೀಟಿಯನ್ನೂ ಇಟ್ಟರು: 'ಈ ಕಪ್ಪುಗಳಲ್ಲಿ ಕಲೆ ಇದೆ. ಎಲ್ಲರೂ ಗಮನಿಸಬೇಕು.' ಅಷ್ಟು ಮಾಡಿ ಊಟಕ್ಕೆ ಹೋದರು, ನಾವೂ ಹೋದೆವು.

ವಾಪಸು ಬಂದರೆ ಮೇಜು ಖಾಲಿ. ಅತ್ತೆ ಬಗ್ಗಿ ಮೇಜಿನ ಕೆಳಗೂ ಹುಡುಕಿದಳು. ಅಷ್ಟರಲ್ಲಿ ಕ್ಯಾಂಟೀನಿನ ಪಾತ್ರೆ ತೊಳೆಯುವ ಅಕ್ಕ ಒದ್ದೆ ಕೈಯಲ್ಲಿ ಎರಡೂ ಕಪ್ಪು ಹಿಡಿದು, ಉರಿಯುತ್ತ ಬಂದಳು.

"ಕಲೆ ಇದೆ, ಎಲ್ಲರೂ ನೋಡಿ ಅಂತ ಚೀಟಿ ಬರೆದು ಊರಿಗೆಲ್ಲ ಸಾರಬೇಕಿತ್ತಾ? ನಂಗೊಂದು ಮಾತು ಹೇಳಿದ್ರೆ ತೊಳೀತಿರ್ಲಿಲ್ವಾ?"

ನಿರ್ದೇಶಕರು ಕುರ್ಚಿಯಲ್ಲಿ ಕುಸಿದರು. ಅಕ್ಕ ಮೊದಲನೆಯ ಕಪ್ಪನ್ನು ಠಕ್ಕನೆ ಇಟ್ಟಳು. ಹಾಲಿನ ಬಿಳುಪು. "ಇದರದ್ದು ಸೋಪು ಹಾಕ್ತಿದ್ದ ಹಾಗೇ ಹೋಯ್ತು, ಬೂಟಿನ ಪಾಲಿಷ್ ಥರ ಏನೋ ಬಳಿದಿದ್ರು." ಎರಡನೆಯದನ್ನು ಇಡುತ್ತ ಅವಳ ದನಿ ಇಳಿಯಿತು. "ಇದು ಮಾತ್ರ ಹೋಗ್ಲಿಲ್ಲ ಸಾರ್. ಹುಳಿ ಹಾಕ್ದೆ, ಬೂದಿ ಹಾಕ್ದೆ, ತಂತಿ ನಾರಲ್ಲಿ ಉಜ್ಜಿದೆ. ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷದಲ್ಲಿ ಇಂಥ ಕಲೆ ನಾನು ನೋಡಿಲ್ಲ."

ಮ್ಯಾನೇಜರ್ ಬಿಳೀ ಕಪ್ಪನ್ನು ತಿರುಗಿಸಿ ನೋಡಿದರು. ಅದರ ಅಡಿಯಲ್ಲಿ, ಮೈಕ್ರೋವೇವಿನಲ್ಲಿ ಬಿಸಿ ಮಾಡಬಹುದು ಎಂಬ ಮುದ್ರೆ ಚೆನ್ನಾಗಿ ಮೂಡಿತ್ತು. ನೂರು ವರ್ಷದ ಹಿಂದಿನವರು ಬಹಳ ಮುಂದಾಲೋಚನೆಯವರು ಎಂದು ನಾನು ಹೇಳಿದೆ. ಅವರು ಇಂಗು ತಿಂದ ಮಂಗನ ಹಾಗೆ ನನ್ನನ್ನು ನೋಡಿದರು. ನಟ ಆರಿಸಬೇಕಾದ ಪ್ರಮೇಯವೇ ಬರಲಿಲ್ಲ. ಅತ್ತೆ ಆ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅಕ್ಕನಿಗೆ ಯಾಕೆಂದು ಗೊತ್ತಾಗಲಿಲ್ಲ, ಆದರೂ ಬೆನ್ನು ಸವರಿದಳು.

ಮರುದಿನ ಹಲಗೆಯ ಮೇಲೆ 'ಚೊಗರತ್ತೆ' ಎಂದು ಬಿಳಿ ಬಣ್ಣದಲ್ಲಿ ಬರೆಸಿದರು. ನಾನು ಖುಷಿಯಿಂದ ಅವಳನ್ನು ಎಳೆದುಕೊಂಡು ಹೋದೆ. ಅವಳು ತಲೆ ಓರೆ ಮಾಡಿ ನೋಡಿದಳು. ಮಾಸಿದ ಹೆಸರುಗಳ ನಡುವೆ ಅವಳದೊಂದೇ ಪಳಪಳ ಹೊಳೆಯುತ್ತಿತ್ತು.

"ನಿನ್ನೆ ಸೇರ್ಕೊಂಡವಳ ಥರ ಕಾಣ್ತಿದೆ ಕಣೋ," ಎಂದಳು. ಅವಳೇ ಒಳಗೆ ಹೋಗಿ ಕಷಾಯದ ಪಾತ್ರೆ, ಹತ್ತಿ ತಂದು ಸ್ಟೂಲು ಹತ್ತಿದಳು. ಪ್ರತಿ ಅಕ್ಷರದ ಬುಡಕ್ಕೂ ಮೂವತ್ತು ವರ್ಷವನ್ನು ಒತ್ತಿ ಒತ್ತಿ ಹಚ್ಚಿದಳು.

ಕೆಲವು ತಿಂಗಳ ಮೇಲೆ ಯಾರೋ ದೊಡ್ಡ ಮನುಷ್ಯರು ಬಂದಾಗ ಮ್ಯಾನೇಜರ್ ಅವರಿಗೆ ಹಲಗೆ ತೋರಿಸುತ್ತಿದ್ದರು. ನಾನೂ ಅತ್ತೆಯೂ ಹಿಂದೆಯೇ ನಿಂತಿದ್ದೆವು. ಮ್ಯಾನೇಜರರ ಬೆರಳು, ಉಳಿದವುಗಳಷ್ಟೇ ಮಾಸಿದ್ದ ಅತ್ತೆಯ ಹೆಸರಿನ ಮೇಲೆ ನಿಂತಿತು.

"ಇವರು ನೋಡಿ ಸಾರ್, ಈ ಬೋರ್ಡು ಬರೆಸಿದ ದಿನದಿಂದ್ಲೂ ಇದಾರೆ."

"ಹೌದು ಸಾರ್," ಎಂದಳು ಅತ್ತೆ, "ಮೊದಲ ದಿನದಿಂದ್ಲೂ."