ಮಾಜಿ ಗಂಡನಿಗೆ ಹೆಣ್ಣು ಹುಡುಕಿದ್ದು

ಡೈವೋರ್ಸ್ ಕೇಳಲು ವಕೀಲರ ಆಫೀಸಿಗೆ ಹೋದ ದಿನ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಅಂಥ ಕೆಲಸಕ್ಕೆ ರೇಷ್ಮೆ ಸೀರೆ ಯಾಕೆ ಅಂದರೆ, ಅಲ್ಲಿ ನನ್ನ ಭಾಷಣ ಇತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಮಾಡಿದ ತಪ್ಪುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಮದುವೆ ಮನೆಯಲ್ಲಿ ನಮ್ಮಪ್ಪನ ಎದುರೇ ಕಾಫಿ ಚೆನ್ನಾಗಿಲ್ಲ ಅಂದರಲ್ಲ, ಅಲ್ಲಿಂದ ಶುರು.

ಆಗ ನಾವಿದ್ದದ್ದು ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. 2003ನೇ ಇಸವಿ. ನಮ್ಮವರು ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದವರು, ಹಿಂದಿನ ವರ್ಷ ಲೇಆಫ್ ಆಗಿ ಮನೆಯಲ್ಲಿ ಕೂತರು. ನಾನು ಲೈಸೆನ್ಸ್ ತೆಗೆದುಕೊಂಡು ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದೆ. ಕಂಪನಿ ಕೈಬಿಟ್ಟ ಮೇಲೆ ಅವರು ನನಗೆ ಮ್ಯಾನೇಜರ್ ಆದರು. ಮಕ್ಕಳ ನಿದ್ದೆಗೆ ಚಾರ್ಟ್ ಮಾಡಿ ಫ್ರಿಜ್ ಮೇಲೆ ಅಂಟಿಸಿದರು. ಆಟದ ಸಾಮಾನು ಎತ್ತಿಡುವುದರಲ್ಲಿ ನಿಮ್ಮ ಮಗುವಿನ ಪರ್ಫಾರ್ಮೆನ್ಸ್ ಸಾಲದು ಎಂದು ಎರಡು ವರ್ಷದ ಕೂಸಿನ ಅಮ್ಮನಿಗೆ ಹೇಳಿದರು. ಆ ಕೂಸು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಇವರನ್ನು ಡೇಕೇರಿನಿಂದ ತೆಗೆಯಲು ದಾರಿ ಕಾಣದೆ, ಮದುವೆಯಿಂದಲೇ ತೆಗೆಯೋಣ ಎಂದು ಹೊರಟೆ.

ವಕೀಲೆ ಹುಬ್ಬಳ್ಳಿ ಕಡೆಯ ಹುಡುಗಿ. ನಾನು ಕಾಫಿ ಪ್ರಕರಣ ಮುಗಿಸುವಷ್ಟರಲ್ಲೇ ಕೈ ಎತ್ತಿದಳು.

"ತಡೀರಿ ಆಂಟಿ. ಇಲ್ಲಿ ಯಾರ ತಪ್ಪು ಅಂತ ಕೋರ್ಟ್ ಕೇಳೂದಿಲ್ರಿ."

"ಒಂದೂ ಕೇಳಲ್ವಾ?"

"ಒಂದೂ ಇಲ್ಲ. ಹೊಂದಾಣಿಕಿ ಆಗವಲ್ದು ಅಂದ್ರ ಸಾಕು."

"ನಾನು ಅಷ್ಟು ಕಷ್ಟಪಟ್ಟು ನೆನಪು ಮಾಡ್ಕೊಂಡು ಬಂದಿದೀನಲ್ಲಮ್ಮಾ."

"ಬೇಕಾದ್ರ ನನಗ ಹೇಳ್ರಿ. ಆದ್ರ ನನ್ನ ಮೀಟರ್ ಗಂಟಿ ಲೆಕ್ಕದಾಗ ಓಡ್ತೈತಿ."

ಬಾಯಿ ಮುಚ್ಚಿಕೊಂಡೆ. ಅವಳು ವಿವರಿಸಿದಳು. ಮದುವೆಯಾದ ಮೇಲೆ ದುಡಿದು ಗಳಿಸಿದ್ದು ಯಾರ ಹೆಸರಿನಲ್ಲೇ ಇರಲಿ, ಇಬ್ಬರಿಗೂ ಸಮ ಪಾಲು. ಮನೆ ಹಾಗೆ, ಅವರ ರಿಟೈರ್‌ಮೆಂಟ್ ಹಣ ಹಾಗೆ, ನನ್ನ ಡೇಕೇರ್ ಕೂಡ ಹಾಗೆ. ಅಪ್ಪ ನನಗೆ ಅಂತ ಕೊಟ್ಟ ಒಡವೆ ಮಾತ್ರ ಪೂರ್ತಿ ನನ್ನದು. ಅಲ್ಲಿಯವರೆಗೆ ಪರವಾಗಿಲ್ಲ ಅನ್ನಿಸಿತು. ಧೈರ್ಯವಾಗಿ ಮುಖ್ಯ ವಿಷಯಕ್ಕೆ ಬಂದೆ.

"ಹಾಗಾದ್ರೆ ತಿಂಗಳಾ ತಿಂಗಳಾ ಅವರು ನನಗೆ ಎಷ್ಟು ಕೊಡ್ಬೇಕು?"

"ಅವರಿಗೆ ಆದಾಯ ಎಲ್ಲೈತ್ರಿ ಆಂಟಿ? ದುಡಿಯೋರು ನೀವು. ನೀವ ಕೊಡಬೇಕಾಗ್ತೈತಿ."

ಕನ್ನಡದವರ ಊಟದ ಕೂಟಗಳಲ್ಲೆಲ್ಲ ನಾನು ಸಾರಿಕೊಂಡು ಬಂದಿದ್ದೆ, ಈ ಮನೆ ನಡೀತಿರೋದು ನನ್ನ ದುಡಿಮೆಯಿಂದ ಅಂತ. ಯಾರೂ ನಂಬಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಒಂದೇ ಮಾತಿಗೆ ನಂಬಿಬಿಟ್ಟಿತು.

"ಎಲ್ಲಿವರೆಗಮ್ಮಾ?"

"ಇಷ್ಟು ಉದ್ದನ ಮದುವಿಗೆ ಕೊನೆ ತಾರೀಖು ಹಾಕೂದು ಕಮ್ಮಿ. ಇಬ್ಬರಾಗ ಒಬ್ಬರು ತೀರಿಕೊಂಡ್ರ ನಿಲ್ತೈತಿ. ಇಲ್ಲಾ, ಅವರು ಇನ್ನೊಂದು ಮದುವಿ ಆಗಬೇಕು."

ಡೈವೋರ್ಸ್ ಆಯಿತು. ಡೇಕೇರ್ ಇರುವ ಮನೆ ನನಗೇ ಬೇಕಿತ್ತು. ರಿಟೈರ್‌ಮೆಂಟ್ ಹಣವನ್ನೆಲ್ಲ ಅವರಿಗೇ ಬಿಟ್ಟು, ಕಡಿಮೆ ಬಿದ್ದಷ್ಟಕ್ಕೆ ಮನೆ ಮೇಲೆ ಹೊಸ ಸಾಲ ಮಾಡಿ ಅವರ ಪಾಲು ಸರಿಮಾಡಿದೆ. ಅವರು ಸ್ಯಾನ್ ಡಿಯಾಗೋಗೆ ಹೋಗಿ, ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿರುವ ನಮ್ಮ ಮಗಳ ಮನೆ ಹತ್ತಿರ ಅಪಾರ್ಟ್‌ಮೆಂಟ್ ಹಿಡಿದರು. ನಾನು ತಿಂಗಳಾ ತಿಂಗಳಾ ಚೆಕ್ ಕಳಿಸುತ್ತಾ, "ಅವರನ್ನ ನಾನೇ ಸಾಕ್ತಿದೀನಿ" ಎಂದು ಕೂಟಗಳಲ್ಲಿ ಹೇಳಿಕೊಂಡು ನಾಲ್ಕು ವರ್ಷ ಮೆರೆದೆ.

ಆಮೇಲೆ 2008ರ ಆರ್ಥಿಕ ಕುಸಿತಕ್ಕೆ ಊರಿನ ಗಾಳಿ ತಿರುಗಿತು. ಅಪ್ಪ ಅಮ್ಮಂದಿರ ಕೆಲಸ ಹೋದ ಹಾಗೆ ಮಕ್ಕಳೂ ಬರುವುದು ನಿಂತಿತು. ಮನೆಯ ಕಂತು, ಅವರ ಚೆಕ್ಕು, ಎರಡೂ ಕಟ್ಟಲು ಆಗದ ಸ್ಥಿತಿ ಬಂತು. ಕಂತು ತಪ್ಪಿದರೆ ಮನೆ ಹೋಗುತ್ತದೆ, ಮನೆ ಹೋದರೆ ಡೇಕೇರ್ ಇಲ್ಲ. ವಕೀಲೆಗೆ ಫೋನ್ ಮಾಡಿದೆ. ಅವಳು ಸಲೀಸಾಗಿ ಹೇಳಿದಳು: "ಆದಾಯ ಇಳಿದೈತಿ ಅಂತ ಅವರ ಮುಂದ ಹೇಳ್ರಿ. ಇಬ್ಬರೂ ಒಪ್ಪಿ ಬರದ್ರ, ಜಡ್ಜ್ ಸಹಿ ಮಾಡ್ತಾರ. ಅವರು ಒಪ್ಪದಿದ್ರ ಕೋರ್ಟಿನಾಗ ಕೇಳೋಣು."

ಅವರ ಮುಂದೆ ಹೇಳುವುದು! ಅದಕ್ಕಿಂತ ಅವರಿಗೆ ಮದುವೆ ಮಾಡಿಸುವುದು ಸುಲಭ ಎಂದು ನನಗೆ ಅನ್ನಿಸಿತು. ನಾನು ಅಂಥ ಬುದ್ಧಿವಂತೆ.

ಸ್ಯಾನ್ ಪೀಡ್ರೊ ಬಂದರಿನ ಕಡೆ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುವ ಮಂಗಳೂರಿನ ವಿಧವೆಯೊಬ್ಬರು ನನಗೆ ಯುಗಾದಿ ಊಟದಲ್ಲಿ ಪರಿಚಯವಾಗಿದ್ದರು. ಅವರ ಲಂಚ್ ಹೊತ್ತಿಗೆ ಸರಿಯಾಗಿ ಹೋಗಿ, ಹಡಗು ಕಾಣುವ ಬೆಂಚಿನ ಮೇಲೆ ಕೂತು ವಿಷಯ ತೆಗೆದೆ. ಆಕೆ ನಕ್ಕರು, ಆದರೆ ಎದ್ದು ಹೋಗಲಿಲ್ಲ.

"ಜನ ಹೇಗೆ?"

"ಬಂಗಾರ."

"ಸಿಟ್ಟು ಉಂಟಾ?"

"ಗೊತ್ತೇ ಇಲ್ಲ ಅವರಿಗೆ ಸಿಟ್ಟು ಅಂದ್ರೆ."

"ಮನೆಕೆಲಸ?"

"ತುಂಬಾ ಶಿಸ್ತು." ಚಾರ್ಟಿನ ಸುದ್ದಿ ಎತ್ತಲಿಲ್ಲ.

"ಇಷ್ಟೆಲ್ಲ ಹೊಗಳ್ತೀರಲ್ಲ ಅಕ್ಕ, ಮತ್ತೆ ಎಂತಕ್ಕೆ ಬಿಟ್ಟದ್ದು ನೀವು?"

ಇಷ್ಟು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವರು ಆಕೆ ಒಬ್ಬರೇ. ಭಾಷಣ ಪೂರ್ತಿ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ತಪ್ಪು ನಂದೇ. ನಾನು ಸ್ವಲ್ಪ ಗಯ್ಯಾಳಿ."

"ಅದು ಗೊತ್ತಾಗ್ತದೆ," ಎಂದರು ಆಕೆ, ಸಲೀಸಾಗಿ. "ಒಂದು ಕೇಳ್ಲಾ? ನೀವು ಅವರಿಗೆ ತಿಂಗಳಿಗೆ ಹಣ ಕೊಡ್ಲಿಕ್ಕುಂಟಲ್ಲ?"

"ನಿಮಗೆ ಯಾರು ಹೇಳಿದ್ರು?"

"ನೀವೇ. ಯುಗಾದಿ ಊಟದಲ್ಲಿ. ಎಲ್ಲರಿಗೂ ಕೇಳುವ ಹಾಗೆ." ಡಬ್ಬಿಯ ಮುಚ್ಚಳ ಹಾಕಿದರು. "ನಾನು ಮದುವೆಯಾದ್ರೆ ನಿಮ್ಮದು ನಿಲ್ತದೆ. ನಾಳೆ ನನಗೂ ಅವರು ಬೇಡ ಅಂತಾದ್ರೆ ಕೊಡುವವಳು ನಾನು. ನಿಮ್ಮ ಹೊರೆ ನನ್ನ ತಲೆಗೆ ದಾಟಿಸ್ಲಿಕ್ಕೆ ಬಂದದ್ದಾ ಮಾರಾಯ್ರೆ?"

ನಾನು ಹಡಗು ನೋಡಿದೆ. ಆಕೆ ಸಿಟ್ಟಾಗಲಿಲ್ಲ. ಎದ್ದು ಹೋಗುವಾಗ ನಮ್ಮವರ ಫೋನ್ ನಂಬರ್ ಮಾತ್ರ ಕೇಳಿ ಬರೆದುಕೊಂಡರು. ಮನಸ್ಸು ಕರಗಿತು ಎಂದುಕೊಂಡು ನಾನು ದಾರಿಯುದ್ದಕ್ಕೂ ಮದುವೆಗೆ ಯಾವ ಸೀರೆ ಉಡಲಿ ಎಂದು ಯೋಚಿಸಿದೆ.

ಎರಡು ವಾರದ ಮೇಲೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಸ್ಕ್ರಿಪ್ಸ್ ರ್ಯಾಂಚ್‌ಗೆ ಹೋದೆ. ಬಾಗಿಲು ತೆಗೆದ ಮಗಳು, "ಅಮ್ಮಾ, ಯು ಆರ್ ಇಂಪಾಸಿಬಲ್," ಎಂದು ಹಿತ್ತಲ ಕಡೆ ಕೈ ತೋರಿಸಿದಳು. ಅಲ್ಲಿ ಅವರು ಬಲೂನ್ ಊದುತ್ತಾ ಕೂತಿದ್ದರು.

"ಏನೇ, ನನಗೆ ಹೆಣ್ಣು ನೋಡ್ತಿದೀಯಂತೆ?"

"ಒಬ್ಬರೇ ಇದೀರಲ್ಲ ಅಂತ..."

"ಐದು ವರ್ಷದಿಂದ ಒಬ್ಬನೇ ಇದೀನಿ. ಈಗ ಕಣ್ಣಿಗೆ ಬಿದ್ನಾ?" ಬಲೂನಿಗೆ ಗಂಟು ಹಾಕಿದರು. "ಆಯಮ್ಮ ಫೋನ್ ಮಾಡಿದ್ರು. ನಿಮ್ಮನೆಯವರಿಗೆ ಏನೋ ತೊಂದರೆ ಇರೋ ಹಾಗಿದೆ, ವಿಚಾರಿಸಿ ಅಂದ್ರು. ಎಷ್ಟು ಮಕ್ಕಳು ಬರ್ತಿದಾರೆ ಈಗ?"

"ಮೊದಲಿನಷ್ಟೇ."

ಅವರು ಇನ್ನೊಂದು ಬಲೂನ್ ಎತ್ತಿಕೊಂಡು, ನನ್ನನ್ನೇ ನೋಡುತ್ತಾ ಊದತೊಡಗಿದರು.

"ಇಬ್ಬರು," ಎಂದೆ. "ಕಂತು ಕಟ್ಟಿದ ಮೇಲೆ ನಿಮಗೆ ಕೊಡೋಕೆ ಉಳಿಯಲ್ಲ ರೀ. ಹೀಗೇ ಆದ್ರೆ ಮನೆ ಕೈತಪ್ಪಿ ಹೋಗತ್ತೆ."

ಮೂವತ್ತು ವರ್ಷದ ಮದುವೆ ಮುರಿಯಲು ನನಗೆ ಇಷ್ಟು ಕಷ್ಟವಾಗಿರಲಿಲ್ಲ. ಈಗ ಪಾಠ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ಕೂತೆ.

"ಮುಂದಿನ ವರ್ಷದಿಂದ ನಂಗೆ ಸೋಶಿಯಲ್ ಸೆಕ್ಯುರಿಟಿ ಪೆನ್ಶನ್ ಬರತ್ತೆ," ಎಂದರು. "ಅಲ್ಲಿವರೆಗೆ ಅರ್ಧ ಸಾಕು. ಆಮೇಲೆ ಬೇಡ. ನಿನ್ನ ವಕೀಲೆಗೆ ಬರೆಯೋಕೆ ಹೇಳು, ಸೈನ್ ಮಾಡ್ತೀನಿ. ಆದ್ರೆ ಇನ್ಮೇಲೆ ನನಗೆ ಹೆಣ್ಣು ನೋಡಕೂಡದು."

"ಇಲ್ಲಪ್ಪ, ಆಯಮ್ಮ ಒಪ್ಪಲಿಲ್ವಲ್ಲ."

"ಮದುವೆಗೆ ಒಪ್ಪಲ್ಲ ಅಂದ್ರು. ಭಾನುವಾರ ಊಟಕ್ಕೆ ಒಪ್ಪಿದಾರೆ."

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಮನೆ ಉಳಿಯಿತು, ಡೇಕೇರ್ ಉಳಿಯಿತು. ಆದರೂ ಸ್ಯಾನ್ ಡಿಯಾಗೋದಿಂದ ಮನೆ ಮುಟ್ಟುವವರೆಗೆ ಹಲ್ಲು ಕಚ್ಚಿಕೊಂಡು ಡ್ರೈವ್ ಮಾಡಿದೆ. ಮರುದಿನ ವಕೀಲೆಗೆ ಒಪ್ಪಂದ ಬರೆಯಲು ಹೇಳಿ, ಫೋನ್ ಇಡುವ ಮುಂಚೆ ಕೇಳಿಯೇಬಿಟ್ಟೆ.

"ಅಲ್ಲಮ್ಮಾ, ಅವರು ಇನ್ನೊಬ್ಬರ ಜೊತೆ ಊಟಕ್ಕೆ ಹೋದ್ರೆ ಕಾನೂನಿನಲ್ಲಿ ಏನೂ ಇಲ್ವಾ?"

"ಡೈವೋರ್ಸ್ ಆಗಿ ಐದು ವರ್ಷ ಆತಲ್ರಿ ಆಂಟಿ!"

"ಗೊತ್ತು, ಗೊತ್ತು," ಎಂದೆ. "ಸುಮ್ನೆ ಕೇಳ್ದೆ."