ಇಸ್ತ್ರಿ ಅಣ್ಣ ಮತ್ತು ಗುಂಡನ ಕುತ್ತಿಗೆ

ಇಸ್ತ್ರಿ ಅಣ್ಣನಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಪಕ್ಕದಿಂದ ಕೂಗಿದರೆ ಮೊದಲು ಕಣ್ಣು ಆ ಕಡೆ ಹೋಗುತ್ತಿತ್ತು, ಆಮೇಲೆ ಭುಜ, ಆಮೇಲೆ ಸೊಂಟ, ಕೊನೆಗೆ ಪಾದ. ಇಡೀ ಮನುಷ್ಯ ಬಾಗಿಲು ತಿರುಗಿದ ಹಾಗೆ ತಿರುಗಿ ಎದುರಿಗೆ ನಿಲ್ಲುತ್ತಿದ್ದರು. ಗೊತ್ತಿಲ್ಲದವರು, ಇಸ್ತ್ರಿ ಹಾಕುವವನಿಗೆ ಇಷ್ಟು ಕೊಬ್ಬೇ ಅಂದುಕೊಳ್ಳುತ್ತಿದ್ದರು. ಹಾಗೆ ಅಂದುಕೊಂಡವರಲ್ಲಿ ನಾನೂ ಒಬ್ಬಳು.

ಅಮೀರ್‌ಪೇಟ್‌ನ ಹಾಸ್ಟೆಲ್ಲುಗಳ ಗಲ್ಲಿಯಲ್ಲಿ, ಒಂದು ಬೇವಿನ ಮರದ ಕೆಳಗೆ ಅವರ ಬಂಡಿ ಇತ್ತು. ಕೆಲಸ ಹುಡುಕುವ ಹುಡುಗರೇ ತುಂಬಿದ್ದ ಆ ಗಲ್ಲಿಯಲ್ಲಿ ಇಸ್ತ್ರಿಗೆ ಬರುವ ಬಟ್ಟೆಯಲ್ಲಿ ಅರ್ಧಕ್ಕರ್ಧ ಇಂಟರ್‌ವ್ಯೂ ಅಂಗಿಗಳು. ಹುಡುಗರು ಅಂಗಿ ಕೊಡುವಾಗಲೇ ಅಣ್ಣ ಅವರ ಮುಖ ನೋಡಿ ತೆಲುಗಿನಲ್ಲಿ ಇಂಟರ್‌ವ್ಯೂ ಇದೆಯೇ ಎಂದು ಕೇಳುತ್ತಿದ್ದರು. ಇದೆ ಎಂದರೆ ಆ ಅಂಗಿ ಗಂಟಿನ ಮೇಲಕ್ಕೆ ಬರುತ್ತಿತ್ತು, ಅದರ ಕಾಲರಿಗೆ ಎರಡು ಸಲ ಇಸ್ತ್ರಿ ಬೀಳುತ್ತಿತ್ತು. ಮಿಕ್ಕವರ ಅಂಗಿ, ನನ್ನ ಕುರ್ತಾ ಎಲ್ಲ ಕಾಯಬೇಕು. ನಾನು ಅಲ್ಲೇ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠ ಹೇಳುತ್ತಿದ್ದೆ. ಯಾವುದರಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವುದನ್ನು ಕಲಿಸುವುದೇ ನನ್ನ ಹೊಟ್ಟೆಪಾಡು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ನೋಡಿ ನಗಲು ಬೇಕಾಗುತ್ತದೆ.

ವರ್ಷದ ಮೇಲೆ ಅವರ ಜೊತೆ ಹಿಂದಿಯಲ್ಲೇ ವ್ಯವಹಾರ. ಒಂದು ದಿನ ನನ್ನ ನಾಯಿ ಗುಂಡ ಅವರ ಬಂಡಿಯ ಮುಂದೆಯೇ ಕೂತುಬಿಟ್ಟು ಹೆಜ್ಜೆ ಕೀಳಲೊಲ್ಲ. "ಏಳೋ ಮೊಂಡ, ನಿಮ್ಮಪ್ಪನ ಮನೆ ರಸ್ತೆನಾ ಇದು" ಎಂದು ಬೈದೆ. ಇಸ್ತ್ರಿ ಅಣ್ಣ ನಿಧಾನಕ್ಕೆ ಭುಜ, ಸೊಂಟ, ಪಾದ ತಿರುಗಿಸಿ ನನ್ನ ಎದುರಿಗೆ ನಿಂತು, "ಮೈಸೂರು ಕಡೆಯೋರೇನ್ರಿ?" ಅಂದರು. ಅವರು ರಾಯಚೂರಿನ ಕಡೆಯವರು, ಮದುವೆಯಾದ ವರ್ಷವೇ ಹೆಂಡತಿಯೊಂದಿಗೆ ಇಲ್ಲಿಗೆ ಬಂದವರು. ಅವತ್ತಿನಿಂದ ನಾನು ಮೇಡಂ ಹೋಗಿ ತಂಗಿಯಾದೆ. ಕುರ್ತಾ ಮಾತ್ರ ಆಮೇಲೂ ಕಾಯುತ್ತಲೇ ಇತ್ತು.

ಗುಂಡ ಬೀಗಲ್ ಜಾತಿಯ ನಾಯಿ. ಉಪ್ಪಲ್ ಕಡೆಯ ಒಬ್ಬ ಮರಿ ಮಾರುವವನ ಹತ್ತಿರ ತಂದಿದ್ದೆ. ಹತ್ತು ತಿಂಗಳು ತುಂಬುವ ಹೊತ್ತಿಗೆ ಅವನಿಗೆ ಏನೋ ಶುರುವಾಯಿತು. ಸುಮ್ಮನೆ ಮಲಗಿದ್ದವನು ಏಳುವಾಗ ಕಿರುಚುತ್ತಿದ್ದ. ಮೈ ಬಿಸಿಯಾಗುತ್ತಿತ್ತು. ಅನ್ನದ ಬಟ್ಟಲಿನ ಮುಂದೆ ನಿಂತು ಅದನ್ನೇ ನೋಡುತ್ತಿದ್ದ, ತಿನ್ನುತ್ತಿರಲಿಲ್ಲ. ನಾಲ್ಕು ದಿನ ಹೀಗಿದ್ದು ಐದನೆಯ ದಿನ ಏನೂ ಆಗಿಲ್ಲವೆಂಬಂತೆ ನನ್ನ ಕಾಲುಚೀಲ ಕದ್ದು ಓಡುತ್ತಿದ್ದ. ಎರಡು ವಾರಕ್ಕೆ ಮತ್ತೆ ಅದೇ ಕಥೆ.

ಡಾಕ್ಟರು ಕಾಲು ನೋಡಿದರು, ಪಾದದಲ್ಲಿ ಮುಳ್ಳು ಹುಡುಕಿದರು, ಸೊಂಟದ ಎಕ್ಸ್‌ರೇ ತೆಗೆಸಿದರು. ಎಲ್ಲಾ ಸರಿಯಾಗಿದೆ. ಕೆಲವು ಜಾತಿ ನಾಯಿಗಳಿಗೆ ವಂಶದಿಂದಲೇ ತೊಂದರೆ ಬರುವುದುಂಟು, ಇದರ ತಂದೆ ತಾಯಿಗೆ ಏನಾದರೂ ಇತ್ತೇ ವಿಚಾರಿಸಿ ಎಂದರು. ಮರಿ ಮಾರಿದವನಿಗೆ ಫೋನ್ ಮಾಡಿದೆ. ಅವನು ತಂದೆ ತಾಯಿಯ ಮಾತೇ ಎತ್ತಲಿಲ್ಲ. ಇದನ್ನು ವಾಪಸು ತನ್ನಿ, ಬೇರೆ ಮರಿ ಕೊಡುತ್ತೇನೆ ಎಂದ. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಅದು ನಿಮಗೆ ಯಾಕೆ ಮೇಡಂ ಎಂದ.

ಈಗ ಹೇಳಲು ನಾಚಿಕೆಯಾಗುತ್ತದೆ. ನಾನು ಮೂರು ದಿನ ಯೋಚಿಸಿ ಹೂಂ ಅಂದೆ. ಒಬ್ಬಳೇ ಇರುವವಳು, ಬೆಳಗ್ಗೆ ಏಳರಿಂದ ಕ್ಲಾಸು, ಕಾರಣವೇ ಗೊತ್ತಿಲ್ಲದ ನೋವು, ಜನ್ಮಕ್ಕಂಟಿದ್ದು ಅನ್ನುವ ಮಾತು. ಅವನ ಕಿರುಚಾಟ ಕೇಳಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಅವನಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ.

ಒಂದು ಭಾನುವಾರ ಬೆಳಗ್ಗೆ ಉಪ್ಪಲ್‌ಗೆ ಆಟೋ ಕರೆಸಿದೆ. ಆಟೋ ಗಲ್ಲಿಯ ತುದಿಯಲ್ಲಿ ನಿಂತಿತ್ತು. ಗುಂಡ ಬರಲೊಲ್ಲ. ನಾನು ಎಂದಿನಂತೆ ಕುತ್ತಿಗೆಯ ಪಟ್ಟಿ ಹಿಡಿದು ಎಳೆಯುತ್ತಿದ್ದೆ. ಬೀಗಲ್ ಜಾತಿಯೇ ಮೊಂಡು ಎಂದು ಎಲ್ಲೋ ಓದಿದ್ದನ್ನು ನಂಬಿ ಇಷ್ಟು ದಿನವೂ ಹಾಗೇ ಎಳೆದಿದ್ದೆ. ಬೇವಿನ ಮರದ ಹತ್ತಿರ ಬಂದಾಗ ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟರು.

"ಸ್ವಲ್ಪ ನಿಂದರ್ರಿ ತಂಗಿ. ಅದನ್ನ ಜಗ್ಗಬ್ಯಾಡ್ರಿ."

ಬಂಡಿಯಿಂದ ಈಚೆ ಬಂದು, ಮಂಡಿಗೆ ಕೈ ಕೊಟ್ಟು ಬಹಳ ಕಷ್ಟಪಟ್ಟು ಗುಂಡನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾಯಿಯನ್ನು ಮುಟ್ಟಲಿಲ್ಲ. ತಮ್ಮ ಬುತ್ತಿಯಿಂದ ಜೋಳದ ರೊಟ್ಟಿಯ ಚೂರು ಮುರಿದು ಅವನ ಬಲಗಡೆ ಹಿಡಿದರು. ಗುಂಡನ ಕಣ್ಣು ರೊಟ್ಟಿಯ ಕಡೆ ಹೋಯಿತು, ತಲೆ ಹೋಗಲಿಲ್ಲ. ಆಮೇಲೆ ಮುಂಗಾಲು, ಆಮೇಲೆ ಹಿಂಗಾಲು, ಇಡೀ ನಾಯಿ ಸುತ್ತಿ ಬಂದು ರೊಟ್ಟಿಯ ಎದುರಿಗೆ ನಿಂತಿತು. ಎಡಗಡೆ ಹಿಡಿದರು, ಹಾಗೇ ಆಯಿತು. ನೆಲದ ಮೇಲಿಟ್ಟರು, ಸುಮ್ಮನೆ ನೋಡುತ್ತ ನಿಂತ. ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದರು, ಗಬಕ್ಕನೆ ತಿಂದ.

"ನೋಡ್ರಿ, ನನ್ನಂಗ ನೋಡಾಕತ್ತೈತಿ," ಅಂದರು. "ಕಾಲಾಗಿಲ್ಲ, ಸೊಂಟದಾಗಿಲ್ಲ. ಇದರ ಬ್ಯಾನಿ ಕುತ್ತಿಗ್ಯಾಗ ಐತಿ."

ನನ್ನ ಕೈಯಲ್ಲಿ ಇನ್ನೂ ಪಟ್ಟಿಯ ಹಗ್ಗ ಇತ್ತು. ಅದನ್ನು ನೋಡಿಕೊಂಡೆ. ತಪ್ಪು ಹುಡುಕಲು ಕಲಿಸುವ ಮೇಡಂ ನಾನು, ಎರಡು ತಿಂಗಳು ನೋವಿರುವ ಜಾಗಕ್ಕೇ ಹಗ್ಗ ಕಟ್ಟಿ ಎಳೆದಿದ್ದೆ. ಅಲ್ಲೇ ರಸ್ತೆಯಲ್ಲಿ ಕೂತು ಅತ್ತೆ. ಅಣ್ಣ ಗುಂಡನ ಕುತ್ತಿಗೆಯ ಪಟ್ಟಿ ಬಿಚ್ಚಿದರು. ಯಾರೋ ಬಿಟ್ಟುಹೋಗಿದ್ದ ಹಳೆಯ ಹತ್ತಿಯ ಚಾದರದಿಂದ ನಾಲ್ಕು ಬೆರಳಗಲದ ಪಟ್ಟಿ ಹರಿದು, ಮೂರು ಮಡಿಕೆ ಮಾಡಿ, ಅದಕ್ಕೂ ಗರಿಗರಿ ಇಸ್ತ್ರಿ ಎಳೆದು, ಗುಂಡನ ಎದೆಗೆ ಬಳಸಿ ಬೆನ್ನಿನ ಮೇಲೆ ಗಂಟು ಹಾಕಿದರು. ಗುಂಡ ತಾನಾಗಿ ನಾಲ್ಕು ಹೆಜ್ಜೆ ನಡೆದ.

ಆಟೋ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ವಂಶದಿಂದ ಬಂದದ್ದಂತೆ ಅಣ್ಣ, ಬೇರೆ ಮರಿ ಕೊಡುತ್ತಾರಂತೆ ಎಂದೆ. ಅವರು ಬಿಚ್ಚಿದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು.

"ನಮ್ಮಪ್ಪಗೂ ಹಿಂಗ ಇತ್ರಿ, ನನಗೂ ಬಂತು. ಲಗ್ನಕ್ಕ ಮೊದಲ ಯಾರೋ ನಮ್ಮ ಮಾವಗ ಹೇಳಿದ್ರಂತ, ಆ ಮನಿತನದಾಗ ಕುತ್ತಿಗಿ ಬ್ಯಾನಿ ಐತಿ, ಬ್ಯಾರೆ ವರಾ ನೋಡು ಅಂತ. ನಮ್ಮಾಕಿ ಒಪ್ಪಲಿಲ್ಲ. ಬ್ಯಾರೆಯವಗ ಏನಿರತೈತೋ ಯಾರಿಗ್ಗೊತ್ತು ಅಂದ್ಲಂತ."

ಆಟೋವನ್ನು ವಾಪಸು ಕಳಿಸಿದೆ. ಮರುದಿನ ಡಾಕ್ಟರಿಗೆ ಕುತ್ತಿಗೆ ನೋಡಿ ಎಂದೆ. ಅವರು ಮೆಲ್ಲಗೆ ಒತ್ತಿದಾಗ ಗುಂಡ ಕಿರುಚಿದ ಕಿರುಚಿಗೆ ಹೊರಗೆ ಕೂತಿದ್ದವರು ಎದ್ದು ನಿಂತರು. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ವಿಷಯ ಗೊತ್ತಾಯಿತು. ಬೀಗಲ್ ಮರಿಗಳಿಗೆ ಬೆನ್ನುಹುರಿಯ ಸುತ್ತಲಿನ ಪೊರೆಯಲ್ಲಿ ಉರಿಯೂತ ಬರುತ್ತದಂತೆ, ವಂಶದ್ದೇ ಇರಬಹುದಂತೆ, ಖಚಿತವಾಗಿ ಹೇಳಲಾಗದಂತೆ. ಆದರೆ ಔಷಧ ಇದೆ, ತಿಂಗಳುಗಟ್ಟಲೆ ಬಿಡದೆ ಕೊಡಬೇಕು. ವಂಶದ್ದು ಅಂದಮಾತ್ರಕ್ಕೆ ಕೈಬಿಡಬೇಕೆಂದೇನೂ ಇಲ್ಲ ಎಂದರು ಡಾಕ್ಟರು.

ಏಳು ತಿಂಗಳು ಕೊಟ್ಟೆವು. ನಾನು ಕೊಟ್ಟೆ ಎಂದು ಬರೆಯಲು ಆಗುವುದಿಲ್ಲ, ಯಾಕೆಂದರೆ ನಾನು ಕ್ಲಾಸಿನಲ್ಲಿರುವಾಗ ಗುಂಡ ಇರುತ್ತಿದ್ದುದು ಬಂಡಿಯ ಕೆಳಗೆ. ಎರಡು ಇಟ್ಟಿಗೆಯ ಮೇಲೆ ಅವನ ನೀರಿನ ಬಟ್ಟಲು. ಮಧ್ಯಾಹ್ನದ ಮಾತ್ರೆ ರೊಟ್ಟಿಯಲ್ಲಿ ಸುತ್ತಿ ಕೊಡುವವರು ಇಸ್ತ್ರಿ ಅಣ್ಣ. ಔಷಧಕ್ಕೆ ಹಸಿವು ಜಾಸ್ತಿಯಾಗಿ ಗುಂಡ ಅವರ ಬುತ್ತಿಗೂ ಬಾಯಿ ಹಾಕುತ್ತಿದ್ದ. ಹುಡುಗರು ಯಾರ ನಾಯಿ ಎಂದು ಕೇಳಿದರೆ ಅಣ್ಣ, ನಾವಿಬ್ಬರೂ ಒಂದೇ ಕಂಪನಿ, ನಾನು ಸೀನಿಯರ್ ಎನ್ನುತ್ತಿದ್ದರು.

ನಿಮ್ಮದಕ್ಕೂ ಔಷಧ ಇರಬಹುದು ಅಣ್ಣ, ತೋರಿಸಿ ಎಂದು ನಾನು ಆಗಾಗ ಹೇಳುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು. "ನಂದು ಇಸ್ತ್ರಿ ಮಾಡಿ ಮಡಚಿಟ್ಟ ಅರಿವಿ ಬಿಡ್ರಿ. ಈಗ ಬಿಚ್ಚಿದ್ರ ಮಡಿಕಿ ಹೋಗ್ತೈತೇನು?"

ಆ ಬೇಸಿಗೆಯಲ್ಲಿ ಅವರ ಮಗಳು ರಜೆಗೆ ಬಂದಳು. ಊರಲ್ಲಿ ಅಜ್ಜಿಯ ಜೊತೆ ಇದ್ದು ಬಿ.ಕಾಂ. ಓದುತ್ತಿದ್ದ ಒಬ್ಬಳೇ ಮಗಳು. ಮರದ ಕೆಳಗೆ ಕೂತು ಗುಂಡನ ಕಿವಿ ಸವರುತ್ತಿದ್ದಳು. ಅಣ್ಣ ಇಸ್ತ್ರಿ ಮಾಡುತ್ತಲೇ ಪಕ್ಕದಿಂದ ಅವಳನ್ನು ಕೂಗಿದರು. ಹುಡುಗಿಯ ಕಣ್ಣು ಈ ಕಡೆ ಬಂತು. ಆಮೇಲೆ ಭುಜ ಬಂತು, ಆಮೇಲೆ ಸೊಂಟ.

ನಾನು ನೋಡಿದೆ. ಅಣ್ಣನೂ ನೋಡಿದರು. ಇಪ್ಪತ್ತು ವರ್ಷ ಒಂದು ಬಟ್ಟೆಯನ್ನೂ ಸುಡದ ಕೈ ಪೆಟ್ಟಿಗೆಯನ್ನು ಹಾಗೇ ಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ನಮಗೆ ಎಚ್ಚರ. ಯಾರದೋ ಇಂಟರ್‌ವ್ಯೂ ಅಂಗಿಯ ಕಾಲರು ಕಂದು ಬಣ್ಣಕ್ಕೆ ತಿರುಗಿತ್ತು. ಎಷ್ಟು ದಿನದಿಂದ ಎಂದು ಮಗಳನ್ನು ಕೇಳಿದರು. ಬೆಳಗ್ಗೆ ಎದ್ದಾಗ ಬೆನ್ನು, ಕುತ್ತಿಗೆ ಮರಗಟ್ಟಿರುತ್ತದೆ, ಒಂದು ವರ್ಷವಾಯಿತು ಎಂದಳು. ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಅವಳು, ನಮ್ಮನೆಯದೇ ಅಲ್ಲವಾ ಅಪ್ಪ, ಹೇಳಿದರೆ ಏನಾಗುತ್ತೆ ಅಂದಳು.

ಅಣ್ಣ ಮೊದಲು ಹೊಸ ಅಂಗಿ ತಂದು ಆ ಹುಡುಗನಿಗೆ ಕೊಟ್ಟು ಕ್ಷಮೆ ಕೇಳಿದರು. ಆಮೇಲೆ ನನ್ನ ಎದುರಿಗೆ ಬಂದು ನಿಂತರು.

"ನಾಯಿಗಿ ತೋರಿಸಿದ್ರಲ್ಲ ತಂಗಿ, ಹಂಗ ನಮ್ಮ ಹುಡುಗಿಗೂ ತೋರಿಸೋಣ್ರಿ."

ಅವರು ನನ್ನಿಂದ ಸಹಾಯ ಕೇಳಿದ್ದು ಅದೊಂದೇ ಸಲ. ಸರಕಾರಿ ಆಸ್ಪತ್ರೆಗೆ ಮೂವರೂ ಹೋದೆವು. ಬೆನ್ನುಮೂಳೆಯ ಕೀಲುಗಳು ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಳ್ಳುವ ಕಾಯಿಲೆ, ಮನೆತನದಲ್ಲಿ ಬರುವುದುಂಟು, ಬೇಗ ಬಂದಿರಿ, ಔಷಧ ಮತ್ತು ವ್ಯಾಯಾಮದಿಂದ ತಡೆಯಬಹುದು ಎಂದರು ಅಲ್ಲಿನ ಡಾಕ್ಟರು. ಅಣ್ಣ ಆ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಮಗಳು ವಾಪಸು ಊರಿಗೆ ಹೋಗಲಿಲ್ಲ, ಇಲ್ಲೇ ಕಾಲೇಜು ಸೇರಿದಳು. ಪ್ರತಿದಿನ ಬೆಳಗ್ಗೆ ಮರದ ಕೆಳಗೆ ಅವಳು ಕುತ್ತಿಗೆಯ ವ್ಯಾಯಾಮ ಮಾಡುವುದು, ಅಣ್ಣ ಎದುರಿಗೆ ನಿಂತು ಎಣಿಸುವುದು, ಗುಂಡ ಇಬ್ಬರನ್ನೂ ನೋಡುವುದು.

ಎರಡು ಚಳಿಗಾಲದ ಹಿಂದೆ ಎದೆಯಲ್ಲಿ ಕಫ ಕಟ್ಟಿ ಇಸ್ತ್ರಿ ಅಣ್ಣ ತೀರಿಕೊಂಡರು. ಕೊನೆಯ ದಿನಗಳಲ್ಲಿ ಹೋಗಿದ್ದಾಗ ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿ, ಗುಂಡ ಹೆಂಗದಾನ್ರಿ ಎಂದು ಕೇಳಿದ್ದರು. ಚೆನ್ನಾಗಿದ್ದಾನೆ ಎಂದೆ. ನಿಜವನ್ನೇ ಹೇಳಿದ್ದೆ. ನೋವು ನಡುವೆ ಒಂದು ಸಲ ಮರುಕಳಿಸಿತ್ತು, ಆ ಸಲ ಮೊದಲ ದಿನವೇ ಅವನು ಸುತ್ತಿ ತಿರುಗುವುದನ್ನು ನೋಡಿ ಡಾಕ್ಟರ ಹತ್ತಿರ ಓಡಿದ್ದೆ. ಆ ನೋಟ ಅಣ್ಣ ಕಲಿಸಿದ್ದು.

ಈಗ ಬಂಡಿಯನ್ನು ಅವರ ಹೆಂಡತಿ ನಡೆಸುತ್ತಾರೆ. ಇಂಟರ್‌ವ್ಯೂ ಅಂಗಿ ಇವತ್ತಿಗೂ ಮೇಲೆ, ನನ್ನ ಕುರ್ತಾ ಕೆಳಗೆ. ಮಗಳಿಗೆ ಒಂದು ಆಫೀಸಿನಲ್ಲಿ ಕೆಲಸವಾಗಿದೆ, ಭಾನುವಾರ ಅಮ್ಮನ ಜೊತೆ ಮರದ ಕೆಳಗೆ ಇರುತ್ತಾಳೆ. ಮೊನ್ನೆ ಗುಂಡನನ್ನು ಕರೆದುಕೊಂಡು ಹೋದಾಗ ಅವಳು ಆ ಕಡೆ ಮುಖ ಮಾಡಿ, ಯಾರದೋ ಅಂಗಿಯ ಗುಂಡಿ ಹಾಕುತ್ತಿದ್ದಳು. ಪಕ್ಕದಿಂದ ಕೂಗಿದೆ. ಪಾದ ಅಲ್ಲೇ ಇತ್ತು, ಭುಜ ಅಲ್ಲೇ ಇತ್ತು. ಕುತ್ತಿಗೆ ಮಾತ್ರ ತಿರುಗಿಸಿ, ನನ್ನನ್ನು ನೋಡಿ ನಕ್ಕಳು.