ಚಿಕ್ಕಮ್ಮನ ಕೋಕ್ಯೂ ಹೊರಗೆ ಬಾರದ ದಿನ

ಮಗ ತೋವಾನ ಕಿವಿಯ ಬಗ್ಗೆ ಯೋಚಿಸಬಾರದು ಎಂದುಕೊಂಡೇ ಅವನನ್ನು ಎದೆಗೆ ಕಟ್ಟಿಕೊಂಡು ತೊಯಾಮಾದಲ್ಲಿ ರೈಲು ಹತ್ತಿದ್ದೆ. ಒಂದೂವರೆ ವರ್ಷದ ತಪಾಸಣೆಯಲ್ಲಿ ನರ್ಸ್ "ಒಮ್ಮೆ ಕಿವಿ ತೋರಿಸಿಬಿಡಿ" ಎಂದು ಆಸ್ಪತ್ರೆಯ ನಂಬರು ಕೊಟ್ಟಿದ್ದಳು. "ಗಂಡುಮಕ್ಕಳಿಗೆ ಮಾತು ತಡ" ಎಂದಿದ್ದರು ಅತ್ತೆ. ಅತ್ತೆಯ ಮಾತನ್ನೇ ಹಿಡಿದುಕೊಂಡು ಬೇಸಿಗೆಯಿಡೀ ಕಳೆದೆ. ಅವನು ಮಲಗಿದಾಗ ಬಾಗಿಲು ಬಡಿದು ನೋಡುವುದು, ಏಳದಿದ್ದರೆ ಗಾಢ ನಿದ್ದೆ ಎಂದುಕೊಳ್ಳುವುದು. ನಿದ್ದೆಗೆಟ್ಟವಳು ನಾನು.

ಚಿಕ್ಕಮ್ಮನ ಊರು ಯಾತ್ಸುವೊದಲ್ಲಿ ಮಳೆ. ಗಾಳಿ ಪೈರು ಕೆಡವದಿರಲಿ ಎಂದು ಮೂರು ದಿನ ಬೀದಿಯಲ್ಲಿ ಕುಣಿಯುವ ಹಬ್ಬದ ಎರಡನೆಯ ದಿನ ಅದು. ಮರದ ಜಾಲರಿಯ ಹಳೆಯ ಮನೆಗಳ ಇಳಿಜಾರು ಬೀದಿಯುದ್ದಕ್ಕೂ ಕೊಡೆಗಳು ಕಾಯುತ್ತ ನಿಂತಿದ್ದವು. ಚಿಕ್ಕಮ್ಮ ಕಿನುಯೆ ಸೂರಿನಡಿ ನಿಂತು ಅಂಗೈಯನ್ನು ಮಳೆಗೆ ಚಾಚಿದ್ದಳು. ಅವಳ ಕೋಕ್ಯೂ ಕಮಾನಿನಿಂದ ನುಡಿಸುವ ಸಣ್ಣ ತಂತಿವಾದ್ಯ. ಮೈಗೆ ಚರ್ಮ ಬಿಗಿದಿರುತ್ತದೆ.

"ಇವತ್ತು ಹೊರಗಿಲ್ಲ" ಎಂದಳು.

"ಒಸಾಕಾದಿಂದ ಬಸ್ಸಲ್ಲಿ ಬಂದಿದೀವಮ್ಮ. ಒಂದೇ ಒಂದು ಹಾಡು" ಎಂದಳು ಕೊಡೆಯಡಿಯ ಹೆಂಗಸೊಬ್ಬಳು.

"ನೀವೆಲ್ಲಿಂದ ಬಂದ್ರಿ ಅಂತ ಚರ್ಮಕ್ಕೆ ಗೊತ್ತಾಗಲ್ವಲ್ಲ ತಾಯಿ. ನೆಂದ್ರೆ ಬಿರಿಯುತ್ತೆ."

ನಾನು ಮಾವ ಎಂದು ಕರೆಯುವ, ಡೋಲು ಬಾರಿಸುವ ಮೊರಿಶಿಗೆ ಎಂಬಾತ ಒಳಗಿನಿಂದ ಕೂಗಿದ. "ಹವಾಮಾನದೋರು ತುಂತುರು ಅಂತಾರೆ. ಇವಳ ಅಂಗೈಗೆ ಮಾತ್ರ ಯಾವಾಗ್ಲೂ ಪ್ರವಾಹ."

"ನಿನ್ನ ಡೋಲು ತಗೊಂಡೋಗಿ ನೆನೆಸ್ಕೋ. ಬೇಡ ಅಂದೋರ್ಯಾರು?"

ಇಲ್ಲಿ ಇಪ್ಪತ್ತೈದು ದಾಟಿದರೆ ಹುಡುಗಿಯರು ಕುಣಿತ ಬಿಡಬೇಕು, ಮುಖ ಮುಚ್ಚುವ ಹುಲ್ಲಿನ ಟೋಪಿ ತೆಗೆದಿಡಬೇಕು. ಬೀದಿ ಬಿಡಲು ಮನಸ್ಸಿಲ್ಲದ ಚಿಕ್ಕಮ್ಮ ಆ ವರ್ಷವೇ ಕಮಾನು ಹಿಡಿದಳು. ಶಾಲೆಯ ಅಡುಗೆಮನೆಯಲ್ಲಿ ಸೌಟು ತಿರುವಿ ಸೋತ ಮಣಿಕಟ್ಟಿನಲ್ಲೇ ಕಲಿತಳು. ಕೆಲಸಕ್ಕೆಂದು ನಗೋಯಾಕ್ಕೆ ಹೋದ ಗಂಡ ಮೊದಮೊದಲು ಹಬ್ಬಕ್ಕಾದರೂ ಬರುತ್ತಿದ್ದ. ಆಮೇಲೆ ಅದೂ ನಿಂತಿತು. ಕೇಳಿದವರಿಗೆ ಅವಳು ರಜೆ ಸಿಗಲಿಲ್ಲ, ಹುಷಾರಿಲ್ಲ ಎಂದೆಲ್ಲ ನೆಪ ಹೇಳಲಿಲ್ಲ. "ಬರಲ್ಲ ಅಂದ" ಎಂದಳು, ಅಷ್ಟೇ. ಆ ನೇರ ಬಾಯಿಗೆ ಹೆದರಿಯೇ ನಾನು ತಿಂಗಳುಗಟ್ಟಲೆ ಇತ್ತ ಸುಳಿದಿರಲಿಲ್ಲ. ಕೊನೆಗೆ ಬಂದದ್ದೂ ಅದಕ್ಕೇ ಇರಬೇಕು.

ಒಳಗೆ ಒದ್ದೆ ಬಟ್ಟೆಯ ವಾಸನೆ. ಕುಣಿಯಬೇಕಾದ ಹುಡುಗಿಯರು ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು. ಸುಮ್ಮನೆ ಕೂರುವುದೇಕೆಂದು ವಾದ್ಯದವರು ಅಲ್ಲೇ ಶುರು ಮಾಡಿದರು. ತೋವಾ ಅವರಿಗೆ ಬೆನ್ನು ಹಾಕಿ ಚಹಾದ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಮಾವ ಡೋಲು ಬಾರಿಸಿದ್ದೇ ಪಕ್ಕದ ಮನೆಯ ಪುಟ್ಟಿ ಬೆಚ್ಚಿ ಅವಳಮ್ಮನ ಬಳಿ ಓಡಿದಳು. ತೋವಾ ಡಬ್ಬಿ ಇಡುತ್ತಲೇ ಇದ್ದ. ಮತ್ತೊಂದು ಪೆಟ್ಟು ಬಿದ್ದಾಗ ಅಂಗೈಯನ್ನು ಚಾಪೆಗೆ ಒತ್ತಿ ಅದನ್ನೇ ನೋಡಿದ.

"ನೋಡು ಚಿಕ್ಕಮ್ಮ, ಅವನಿಗೆ ಗೊತ್ತಾಯ್ತು" ಎಂದೆ.

ಚಿಕ್ಕಮ್ಮ ಕಮಾನು ನಿಲ್ಲಿಸಿದಳು. ಎದ್ದು ಬಂದು, ಅವನ ಬೆನ್ನ ಹಿಂದೆ ಕೂತು, ಒಂದೇ ಸ್ವರವನ್ನು ಸಣ್ಣಗೆ, ಉದ್ದಕ್ಕೆ ಎಳೆದಳು. ಪುಟ್ಟಿ ತಿರುಗಿ ನೋಡಿದಳು. ತೂಕಡಿಸುತ್ತಿದ್ದವಳೊಬ್ಬಳು ಕಣ್ಣು ಬಿಟ್ಟಳು. ತೋವಾ ಮತ್ತೊಂದು ಡಬ್ಬಿ ಇಟ್ಟ.

"ಆಗ ಅವನಿಗೆ ಗೊತ್ತಾಗಿದ್ದು ನೆಲ ಅದುರಿದ್ದು ಕಣೆ."

"ರೈಲಲ್ಲಿ ಮಲಗ್ಲೇ ಇಲ್ಲ. ನಿದ್ದೆಗಣ್ಣಿರಬೇಕು."

"ಇರಬಹುದು."

"ಗಂಡುಮಕ್ಕಳಿಗೆ ತಡ ಆಗತ್ತಂತೆ."

"ಆಗಬಹುದು. ನಾನೇನು ಡಾಕ್ಟರಲ್ಲ. ಕೇಳಿಸ್ಲಿಲ್ಲ ಅಂತ ನಂಗನ್ನಿಸ್ತು. ನಿಂಗೇನನ್ನಿಸ್ತು?"

ಸಮಾಧಾನ ಹೇಳಿದವರೇ ಎಲ್ಲ. ನನಗೇನನ್ನಿಸುತ್ತದೆಂದು ಯಾರೂ ಕೇಳಿರಲಿಲ್ಲ. ಮೊರಿಶಿಗೆ ಮಾವ "ಚಹಾ ಇಡ್ತೀನಿ" ಎನ್ನುತ್ತ ಎದ್ದು ಹೋದ.

"ಕೇಳಿಸ್ಲಿಲ್ಲ" ಎಂದೆ.

ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ತುಂಬ ಸುಸ್ತಾಯಿತು, ಅಷ್ಟೇ.

"ಮೂರೂವರೆ ಆಗಿದೆ. ಆಸ್ಪತ್ರೇಲಿ ಇನ್ನೂ ಫೋನ್ ಎತ್ಕೋತಾರೆ" ಎಂದು ಚಿಕ್ಕಮ್ಮ ತೋವಾನನ್ನು ತೊಡೆಗೆ ಎಳೆದುಕೊಂಡಳು. ನಾನು ಹೊಸ್ತಿಲ ಬಳಿ, ನೆನೆದ ಚಪ್ಪಲಿಗಳ ನಡುವೆ ಕೂತು ನರ್ಸ್ ಕೊಟ್ಟ ನಂಬರು ಹುಡುಕಿ ಒತ್ತಿದೆ. ಬಹಳ ಹೊತ್ತು ರಿಂಗಾಯಿತು. ಇಡಬೇಕು ಎನ್ನುವಾಗ ಯಾರೋ ಎತ್ತಿದರು.

"ಹೇಳಿ, ಏನು ತೊಂದರೆ?"

"ನನ್ನ ಮಗನಿಗೆ ಕಿವಿ ಕೇಳಿಸ್ತಿಲ್ಲ ಅನ್ಸತ್ತೆ" ಎಂದೆ.